ಹುಡುಗಿಯರ ಸಾಲಿನಲ್ಲಿ ಒಂದು ಜಾಗ

ನಮ್ಮ ಕಡೆಯ ಶಾಲೆಗಳಲ್ಲಿ ಒಂದು ಶಿಕ್ಷೆ ಇದೆ. ಹೋಂವರ್ಕ್ ಮಾಡಿಕೊಂಡು ಬರದ ಹುಡುಗನನ್ನು ಎಬ್ಬಿಸಿ ಹುಡುಗಿಯರ ಸಾಲಿಗೆ ಕಳಿಸುವುದು, ಇಬ್ಬರ ನಡುವೆ ಜಾಗ ಮಾಡಿಸಿ ಗಂಟೆ ಬಾರಿಸುವ ತನಕ ಅಲ್ಲೇ ಕೂಡಿಸುವುದು. ಇದು ಯಾವ ಸುತ್ತೋಲೆಯಲ್ಲೂ ಇಲ್ಲ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಬೆತ್ತ ಮುಟ್ಟಬಾರದೆಂದು ಕಾಯ್ದೆ ಬಂದ ಮೇಲಂತೂ ನಮ್ಮಂಥ ಮಾಸ್ತರರಿಗೆ ಇದೇ ದೊಡ್ಡ ಆಸರೆಯಾಯಿತು. ಗಾಯವಿಲ್ಲ, ಪಾಲಕರ ತಕರಾರಿಲ್ಲ. ಇಡೀ ವರ್ಗ ‘ಹೋ’ ಎಂದು ಕೂಗುತ್ತದೆ, ಹುಡುಗನ ಕಿವಿ ಕೆಂಪಾಗುತ್ತವೆ, ಮಾಸ್ತರ ಬೋರ್ಡಿನ ಕಡೆ ತಿರುಗಿ ಪಾಠ ಮುಂದುವರಿಸುತ್ತಾನೆ.

ಹುಡುಗಿಯೊಬ್ಬಳನ್ನು ಹುಡುಗರ ನಡುವೆ ಕೂಡಿಸುವ ಶಿಕ್ಷೆಯನ್ನು ಮಾತ್ರ ನಾನು ಎಲ್ಲೂ ಕಂಡಿಲ್ಲ. ಹಾಗೆ ಮಾಡಿದರೆ ಮಾರನೆಯ ದಿನ ಅರ್ಧ ಊರು ಶಾಲೆಯ ಅಂಗಳದಲ್ಲಿ ನಿಂತಿರುತ್ತದೆ. ಹುಡುಗಿಯದು ಮಾನ, ಹುಡುಗನದು ತಮಾಷೆ. ಇದು ಸರಿಯೇ ಎಂದು ನಾನು ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಯಾಕೆಂದರೆ ಆ ಶಿಕ್ಷೆಯೇ ನನ್ನನ್ನು ಉದ್ಧಾರ ಮಾಡಿತೆಂದು ನಂಬಿದ್ದೆ.

ನಾನು ಮುದ್ದೇಬಿಹಾಳ ತಾಲೂಕಿನವನು. ತಂಗಡಗಿಯ ಕಡೆಗೆ ಬರುವ ಒಂದು ಹೊಳೆದಂಡೆಯ ಊರು ನಮ್ಮದು. ಐದನೆಯ ತರಗತಿಯಲ್ಲಿದ್ದಾಗ ಹದಿನೇಳರ ಮಗ್ಗಿ ತಪ್ಪಿದ್ದಕ್ಕೆ ನಮ್ಮ ಮಾಸ್ತರರು ನನ್ನನ್ನು ಹುಡುಗಿಯರ ನಡುವೆ ಕೂಡಿಸಿದರು. ಆಗ ಬೆಂಚುಗಳಿರಲಿಲ್ಲ, ನೆಲದ ಮೇಲೆ ಗೋಣಿತಟ್ಟಿನ ಪಟ್ಟಿ ಹಾಸಿರುತ್ತಿತ್ತು. ಎಡಗಡೆಯವಳು ನನಗೆ ತಾಕಬಾರದೆಂದು ತನ್ನ ಲಂಗದ ಅಂಚನ್ನು ಎಳೆದುಕೊಂಡು ಕಾಲ ಕೆಳಗೆ ಒತ್ತಿಕೊಂಡಳು. ಬಲಗಡೆಯವಳು ಬಾಯಿಗೆ ಕೈ ಹಿಡಿದು ನಗುತ್ತಿದ್ದಳು. ನಾನು ಮೂಗು ಒರೆಸಿಕೊಳ್ಳಲೂ ಹೆದರಿ ನೆಲ ನೋಡುತ್ತ ಕುಳಿತೆ. ಮನೆಗೆ ಬಂದು ರೊಟ್ಟಿ ಮುಟ್ಟಲಿಲ್ಲ. ಅವ್ವ ಹಣೆಗೆ ಕೈ ಇಟ್ಟು ನೋಡಿ, ‘ಮೈ ಏನೂ ಸುಡವಲ್ದು, ಏನಾಗೇತೋ ನಿನಗ?’ ಎಂದಳು. ನಾನು ಹೇಳಲಿಲ್ಲ.

ಅಂದಿನಿಂದ ಹಠ ಹಿಡಿದು ಓದಿದೆ. ಬಸವನ ಬಾಗೇವಾಡಿಯಲ್ಲಿ ಕಾಲೇಜು ಮುಗಿಸಿ, ಬಿ.ಎಡ್. ಮಾಡಿ, ಕನ್ನಡ ಮಾಸ್ತರನಾದೆ. ಆ ತಟ್ಟಿನ ಪಟ್ಟಿಯ ಕಥೆಯನ್ನು ಎಷ್ಟೋ ಬೀಳ್ಕೊಡುಗೆ ಸಮಾರಂಭಗಳಲ್ಲಿ ಹೇಳಿ ಚಪ್ಪಾಳೆ ಹೊಡೆಸಿಕೊಂಡಿದ್ದೇನೆ. ಅವಮಾನದಿಂದ ನಾನು ಉದ್ಧಾರವಾದೆ, ಹಾಗಾಗಿ ಎಲ್ಲರೂ ಆಗುತ್ತಾರೆ ಎಂದು ತಿಳಿಯುವ ದಡ್ಡತನಕ್ಕೆ ಡಿಗ್ರಿ ಅಡ್ಡ ಬರುವುದಿಲ್ಲ.

ಈಗ ನಾನು ಇಂಡಿ ತಾಲೂಕಿನಲ್ಲಿ ನೌಕರಿ ಮಾಡುತ್ತಿದ್ದೇನೆ. ಈ ಮಾತು ಅದಕ್ಕೆ ಮುಂಚಿನದು, ಸಿಂದಗಿ ತಾಲೂಕಿನ ಒಂದು ಹೈಸ್ಕೂಲಿನದು. ಅಲ್ಲಿ ಪ್ರತಿ ವರ್ಷ ಹತ್ತನೆಯ ತರಗತಿಯ ಫಲಿತಾಂಶ ಬಂದಾಗ ಮೊದಲ ಮೂರು ಜಾಗ ಹುಡುಗಿಯರವೇ. ಅವರ ಫೋಟೊಗಳು ಆಫೀಸಿನ ಗೋಡೆ ಏರುತ್ತಿದ್ದವು. ನನಗೆ ಅದರ ಬಗ್ಗೆ ಹೆಮ್ಮೆಯಿತ್ತು, ಈಗಲೂ ಇದೆ. ಮನೆಯಲ್ಲಿ ನೀರು ತುಂಬಿ, ರೊಟ್ಟಿ ಬಡಿದು, ತಮ್ಮಂದಿರನ್ನು ಸಂಭಾಳಿಸಿ ಬಂದು ಓದಿದವರು ಅವರು. ಆದರೆ ಅವರನ್ನು ಹೊಗಳುವಾಗೆಲ್ಲ ಹುಡುಗರಿಗೆ ಒಂದು ಮಾತು ಚುಚ್ಚದೆ ನನಗೆ ಸಮಾಧಾನವಾಗುತ್ತಿರಲಿಲ್ಲ. ‘ಆ ಹುಡುಗ್ಯಾರ್ನ ನೋಡಿ ನಾಚ್ಕೊಳ್ರಿ ಸ್ವಲ್ಪ’ ಎನ್ನುತ್ತಿದ್ದೆ. ಹುಡುಗರು ನಗುತ್ತಿದ್ದರು. ನಾಚಿಕೆ ಇಲ್ಲದವರು ಎಂದುಕೊಳ್ಳುತ್ತಿದ್ದೆ.

ಬೆಂಚು ಎತ್ತಿಡಬೇಕೆ, ಹುಡುಗರನ್ನು ಕರೆಯಿರಿ. ಅಕ್ಕಿ ಚೀಲ ಇಳಿಸಬೇಕೆ, ಬಿಸಿಯೂಟದ ತತ್ತಿ ತರಬೇಕೆ, ನೀರಿನ ಟಾಕಿ ತೊಳೆಯಬೇಕೆ, ಹುಡುಗರಿದ್ದಾರಲ್ಲ. ಅವರು ಹೊರಗೆ ಹೋದರೂ ನಾನು ಪಾಠ ನಿಲ್ಲಿಸುತ್ತಿರಲಿಲ್ಲ. ಹೇಗಿದ್ದರೂ ಓದುವ ಪೈಕಿ ಅಲ್ಲ ಎಂದು ಮನಸ್ಸಿನಲ್ಲಿ ತೀರ್ಮಾನವಾಗಿ ಹೋಗಿತ್ತು. ಹುಡುಗಿಯೊಬ್ಬಳು ಮಂಕಾಗಿ ಕುಳಿತರೆ, ‘ಯಾಕವಾ, ಆರಾಮಿಲ್ಲೇನು?’ ಎಂದು ಕೇಳುತ್ತಿದ್ದೆ. ಹುಡುಗ ಹಾಗೇ ಕುಳಿತರೆ, ‘ಏನಲೇ, ಸೊಕ್ಕ ಬಂದೈತೇನು?’ ಎನ್ನುತ್ತಿದ್ದೆ. ಎರಡೂ ಮಾತು ಒಂದೇ ಬಾಯಿಂದ, ಕೆಲವೊಮ್ಮೆ ಒಂದೇ ತಾಸಿನಲ್ಲಿ. ಈಗ ಬರೆಯುವಾಗ ಎಷ್ಟು ಎದ್ದು ಕಾಣುತ್ತದೆ. ಆಗ ಕಾಣಲಿಲ್ಲ.

ಆ ಹುಡುಗ ಎಂಟನೆಯ ತರಗತಿಗೆ ಬಂದದ್ದು ಕೊರೊನಾ ಮುಗಿದು ಶಾಲೆಗಳು ಸರಿಯಾಗಿ ಶುರುವಾದ ಮೇಲೆ. ಕನ್ನೊಳ್ಳಿಯ ಹಾದಿಯಲ್ಲಿ ಬರುವ ಒಂದು ಸಣ್ಣ ಊರಿನವನು. ಅಪ್ಪ ಗೌಂಡಿ ಕೆಲಸದವನು, ಸುತ್ತಮುತ್ತಲಿನ ಊರುಗಳಲ್ಲಿ ಮನೆ ಕಟ್ಟುತ್ತಿದ್ದ. ಶಾಲೆ ಮುಚ್ಚಿದ್ದ ದಿನಗಳನ್ನೆಲ್ಲ ಹುಡುಗ ಅಪ್ಪನ ಜೊತೆ ಉಸುಕು ಸಾಣಿಸುತ್ತ, ಇಟ್ಟಿಗೆ ಹೊರುತ್ತ ಕಳೆದಿದ್ದ. ಮೊಬೈಲಿನಲ್ಲಿ ಪಾಠ ಕೇಳಬೇಕೆಂದರೆ ಅವರ ಮನೆಯಲ್ಲಿ ಇದ್ದದ್ದು ಬಟನ್ ಮೊಬೈಲು. ಇದೆಲ್ಲ ನನಗೆ ಆಮೇಲೆ ತಿಳಿಯಿತು. ಆಗ ನನಗೆ ತಿಳಿದದ್ದು ಇಷ್ಟೇ: ಹುಡುಗ ವಯಸ್ಸಿಗೆ ಮೀರಿ ಎತ್ತರ, ಗಟ್ಟಿಮುಟ್ಟು, ಐವತ್ತು ಕಿಲೋ ಅಕ್ಕಿ ಚೀಲವನ್ನು ಒಬ್ಬನೇ ಎತ್ತುತ್ತಾನೆ, ಮತ್ತು ಭಾರೀ ಕಿಡಿಗೇಡಿ.

ಓದಲು ಎಬ್ಬಿಸಿದರೆ ಕೆಮ್ಮುತ್ತಿದ್ದ. ‘ಗಂಟಲ ಹಿಡದೈತ್ರಿ ಸರ.’ ಇನ್ನೊಂದು ದಿನ, ‘ಪುಸ್ತಕ ಮರತ ಬಂದೇನ್ರಿ.’ ಮತ್ತೊಂದು ದಿನ ಪುಸ್ತಕವನ್ನು ಮುಖದ ಎದುರು ಹಿಡಿದು ಪಾಠದಲ್ಲಿ ಇಲ್ಲದ್ದನ್ನೇ ಏನೋ ಕಟ್ಟಿ ಹೇಳಿ ಇಡೀ ವರ್ಗವನ್ನು ನಗಿಸಿದ. ನಾನು ಬೈದೆ. ಬೈಸಿಕೊಂಡು ಕುಳಿತ ಮೇಲೆ ಪಕ್ಕದವನು ಅವನ ಹೆಗಲು ತಟ್ಟಿದ. ನೋಟ್‌ಬುಕ್ಕಿನಲ್ಲಿ ಅವನ ಅಕ್ಷರ ದುಂಡಗಿದ್ದವು, ಬೋರ್ಡಿನ ಮೇಲಿದ್ದದ್ದನ್ನೆಲ್ಲ ಇಳಿಸಿಕೊಳ್ಳುತ್ತಿದ್ದ. ಅದನ್ನು ನೋಡಿ ನಾನು, ಬುದ್ಧಿಯೇನೋ ಇದೆ, ಸೋಮಾರಿತನ ಬಿಡಬೇಕು ಎಂದುಕೊಂಡಿದ್ದೆ. ಅವನು ಅಕ್ಷರಗಳನ್ನು ಬರೆಯುತ್ತಿರಲಿಲ್ಲ, ಚಿತ್ರ ಬಿಡಿಸಿದ ಹಾಗೆ ಬಿಡಿಸುತ್ತಿದ್ದ. ಓದಲು ಬರದಿದ್ದರೆ ಅದನ್ನು ಮುಚ್ಚಿಡಲು ಹುಡುಗನೊಬ್ಬನಿಗೆ ತುಂಟತನದಂಥ ಹೊದಿಕೆ ಬೇರೊಂದಿಲ್ಲ. ತುಂಟನಾದರೆ ಗೆಳೆಯರು ಹೆಗಲಿಗೆ ಕೈ ಹಾಕುತ್ತಾರೆ. ಎಂಟನೆಯ ತರಗತಿಗೆ ಬಂದವನಿಗೆ ಓದಲು ಬರುವುದಿಲ್ಲವೆಂದು ತಿಳಿದರೆ ಚೊಣ್ಣ ಬಿಚ್ಚಿ ನಿಲ್ಲಿಸಿದ ಹಾಗೆ ನಗುತ್ತಾರೆ. ಇಪ್ಪತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಇಷ್ಟು ಸಣ್ಣ ಮಾತು ಹೊಳೆಯಬೇಕಿತ್ತು.

ಶ್ರಾವಣ ಹತ್ತಿರ ಬಂದಾಗ ಒಂದು ದಿನ ಅವನು ಹೋಂವರ್ಕ್ ಮಾಡಿಕೊಂಡು ಬಂದಿರಲಿಲ್ಲ. ‘ನಡೀ, ಹುಡುಗ್ಯಾರ ಸಾಲಿನ್ಯಾಗ ಕುಂದ್ರು’ ಎಂದೆ. ವರ್ಗ ಹೋ ಎಂದಿತು. ಮೂರನೆಯ ಬೆಂಚಿನ ತುದಿಯಲ್ಲಿ ಕುಳಿತಿದ್ದ ಹುಡುಗಿ ಒಳಗೆ ಸರಿದು ಜಾಗ ಮಾಡಿದಳು. ಅವಳು ವರ್ಗಕ್ಕೆ ಮೊದಲಿಗಳು, ಮಾತು ಕಡಿಮೆ. ಯಾರಾದರೂ ಗಟ್ಟಿಯಾಗಿ ಪಾಠ ಓದುತ್ತಿದ್ದರೆ ತಾನು ತನ್ನ ಪುಸ್ತಕದಲ್ಲಿ ಆ ಸಾಲಿನ ಕೆಳಗೆ ಬೆರಳು ಓಡಿಸುತ್ತ ಹೋಗುವುದು ಅವಳ ಅಭ್ಯಾಸ. ಹುಡುಗ ಬೆಂಚಿನ ಅಂಚಿಗೆ ಅರ್ಧ ಕುಳಿತು ತಲೆ ತಗ್ಗಿಸಿದ. ಸರಿಯಾಗಿ ನಾಟಿತು ಎಂದುಕೊಂಡು ನಾನು ಬೋರ್ಡಿನ ಕಡೆ ತಿರುಗಿದೆ. ನಾಚಿಕೆಯಿಂದ ತಗ್ಗಿದ ತಲೆಗೂ ಪುಸ್ತಕ ನೋಡಲು ತಗ್ಗಿದ ತಲೆಗೂ ಹಿಂದಿನಿಂದ ನೋಡಿದರೆ ಅಂಥ ವ್ಯತ್ಯಾಸವಿರುವುದಿಲ್ಲ. ನಾನಂತೂ ಹಿಂದಿನಿಂದಲೂ ನೋಡಲಿಲ್ಲ.

ಮರುವಾರ ಮತ್ತೆ ಹೋಂವರ್ಕ್ ಇಲ್ಲ. ಮತ್ತೆ ಅದೇ ಜಾಗ. ಅದರ ಮರುವಾರ ಎರಡು ಸಲ. ಬರಬರುತ್ತ ವರ್ಗ ಕೂಗುವುದನ್ನೂ ಬಿಟ್ಟಿತು. ‘ಹೋಂವರ್ಕ್?’ ಎಂದರೆ ‘ಮಾಡಿಲ್ರಿ ಸರ’ ಎಂದು ಎದ್ದು, ನಾನು ಹೇಳುವ ಮೊದಲೇ ಪುಸ್ತಕ ತೆಗೆದುಕೊಂಡು ಮೂರನೆಯ ಬೆಂಚಿಗೆ ನಡೆದುಬಿಡುತ್ತಿದ್ದ. ಇದು ನನಗೆ ಸರಿಬರಲಿಲ್ಲ. ಶಿಕ್ಷೆಯೆಂದರೆ ನೋಯಬೇಕು. ನೋಯಲಿಲ್ಲವೆಂದರೆ ಕೊಟ್ಟವನಿಗೇ ಅವಮಾನ ಮಾಡಿದ ಹಾಗೆ. ಆ ದಿನಗಳಲ್ಲಿ ಅವನು ಓದಲು ಎಬ್ಬಿಸಿದಾಗ ಕೆಮ್ಮುವುದನ್ನು ಬಿಟ್ಟಿದ್ದನೇ, ಒಂದೆರಡು ಸಾಲು ತಡವರಿಸಿ ಓದಿದ್ದನೇ ಎಂದು ನೆನಪು ಮಾಡಿಕೊಳ್ಳಲು ನೋಡಿದ್ದೇನೆ. ನೆನಪಿಲ್ಲ. ಅವನನ್ನು ಓದಲು ಎಬ್ಬಿಸುವುದನ್ನೇ ನಾನು ನಿಲ್ಲಿಸಿಬಿಟ್ಟಿದ್ದೆ.

ಗಣೇಶನ ಹಬ್ಬ ಕಳೆದ ಮೇಲಿನ ಮಾತು. ಬಿಸಿಯೂಟದ ಅಕ್ಕಿ ಬಂದಿತ್ತು, ಚೀಲ ಇಳಿಸಲು ನಾಲ್ವರು ಹುಡುಗರನ್ನು ಕಳಿಸಿದ್ದೆ. ಅವರಲ್ಲಿ ಅವನೂ ಇದ್ದ. ಸಾಲುಗಳ ನಡುವೆ ಓಡಾಡುತ್ತ ಪಾಠ ಹೇಳುವಾಗ ನನ್ನ ಮೈ ತಾಗಿ ಬೆಂಚಿನ ಮೇಲಿದ್ದ ಅವನ ಪುಸ್ತಕದ ಚೀಲ ಕೆಳಗೆ ಬಿತ್ತು, ಕನ್ನಡದ ನೋಟ್‌ಬುಕ್ ಹೊರಗೆ ಜಾರಿತು. ಎತ್ತಿಕೊಂಡು ತೆರೆದೆ. ಪಾಠದ ಪುಟ ನೋಡಿ ಬರೆಯಬೇಕಿದ್ದ ಹಿಂದಿನ ದಿನದ ಹೋಂವರ್ಕ್ ಅದರಲ್ಲಿ ಪೂರ್ತಿ ಇತ್ತು. ಅದರ ಹಿಂದಿನದೂ ಇತ್ತು. ಮೊದಲ ಸಲದ್ದೊಂದನ್ನು ಬಿಟ್ಟರೆ, ಅವನು ಮಾಡಿಲ್ಲವೆಂದು ಹೇಳಿ ಶಿಕ್ಷೆ ತಿಂದ ದಿನಗಳದೆಲ್ಲ ಇತ್ತು.

ಒಬ್ಬ ಹುಡುಗ ಹೋಂವರ್ಕ್ ಮಾಡಿಯೂ ಮಾಡಿಲ್ಲವೆಂದು ಯಾಕೆ ಹೇಳುತ್ತಾನೆ? ಇದು ಕೇಳಬೇಕಾದ ಪ್ರಶ್ನೆ. ನಾನು ಕೇಳಲಿಲ್ಲ. ನನಗೆ ಉತ್ತರ ಮೊದಲೇ ಗೊತ್ತಿತ್ತು, ಗಂಡು ಹುಡುಗರ ವಿಷಯದಲ್ಲಿ ನನಗೆ ಯಾವಾಗಲೂ ಉತ್ತರ ಮೊದಲೇ ಗೊತ್ತಿರುತ್ತಿತ್ತು.

ಅವನು ಅಂಗಿಗೆ ಅಂಟಿದ ಚೀಲದ ಧೂಳು ಝಾಡಿಸಿಕೊಳ್ಳುತ್ತ ಒಳಗೆ ಬಂದ. ನಾನು ನೋಟ್‌ಬುಕ್ಕನ್ನು ಬೆನ್ನ ಹಿಂದೆ ಹಿಡಿದು ಕೇಳಿದೆ, ‘ಹೋಂವರ್ಕ್?’

‘ಮಾಡಿಲ್ರಿ ಸರ.’ ಹೇಳಿದವನೇ ಮೂರನೆಯ ಬೆಂಚಿನ ಕಡೆ ಹೊರಳಿದ.

‘ನಿಲ್ಲಲೇ. ಇದೇನ ಮತ್ತ?’

ನೋಟ್‌ಬುಕ್ ಕಂಡ ಕೂಡಲೇ ಅವನ ಮುಖ ಬಿಳಚಿತು. ಅದನ್ನು ನಾನು ಕಳ್ಳನ ಮುಖ ಎಂದುಕೊಂಡೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು, ಒಮ್ಮೆ ನಾಲಿಗೆಗೆ ಇಳಿಯಿತೆಂದರೆ ಅದಕ್ಕೆ ಕಡಿವಾಣವಿರುವುದಿಲ್ಲ. ‘ಬರದೂ ಬರದಿಲ್ಲ ಅಂತೀಯಲ್ಲ, ಯಾಕಂತ ನಾ ಹೇಳ್ಲೇನು? ಹುಡುಗ್ಯಾರ ಬಾಜೂಕ ಕುಂದ್ರೂ ಚಟಾ ಹತ್ತೇತಿ ನಿನಗ. ಇನ್ನ ಮೀಸಿ ಮೂಡಿಲ್ಲ, ಆಗಲೇ ಇಂಥಾ ಬುದ್ಧಿ! ಮನ್ಯಾಗ ಅಕ್ಕ ತಂಗ್ಯಾರ ಇಲ್ಲೇನಲೇ ನಿನಗ?’

ಹಿಂದಿನ ಬೆಂಚಿನಿಂದ ಯಾರೋ ಸೀಟಿ ಹೊಡೆದರು. ಎಲ್ಲ ಹುಡುಗರೂ ನಕ್ಕರು. ಮೂರನೆಯ ಬೆಂಚಿನ ಹುಡುಗಿ ಡೆಸ್ಕಿಗೆ ಹಣೆ ಹಚ್ಚಿದಳು. ಅವನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ, ನನಗೆ ಓದಲು ಬರುವುದಿಲ್ಲ, ಇವಳ ಹತ್ತಿರ ಕಲಿಯುತ್ತಿದ್ದೇನೆ ಎಂದು ಎಲ್ಲರೆದುರು ಹೇಳಬೇಕಿತ್ತು. ಅದಕ್ಕಿಂತ ಕೆಟ್ಟ ಹುಡುಗನೆನ್ನಿಸಿಕೊಳ್ಳುವುದು ಅವನಿಗೆ ಹಗುರವೆನ್ನಿಸಿರಬೇಕು. ನಾನು ಅವನನ್ನು ವರ್ಗದ ಹೊರಗೆ ನಿಲ್ಲಿಸಿದೆ. ಗಂಟೆ ಬಾರಿಸಿದಾಗ ಅವನು ಅಲ್ಲಿರಲಿಲ್ಲ. ಚೀಲ ಬೆಂಚಿನ ಮೇಲೇ ಇತ್ತು.

ಇಲ್ಲಿಗೇ ನಿಂತಿದ್ದರೆ ಸಿಟ್ಟಿನ ಭರದಲ್ಲಿ ಆಡಿದ ಮಾತು ಎನ್ನಬಹುದಿತ್ತು. ನಾನು ಸ್ಟಾಫ್ ರೂಮಿಗೆ ಹೋಗಿ ಚಹಾ ಕುಡಿಯುತ್ತ ಅದನ್ನೇ ಉಪ್ಪು ಖಾರ ಹಚ್ಚಿ ಹೇಳಿದೆ. ಅವನು ಬೆಂಚಿನ ಕಡೆ ಹೊರಳಿದ್ದನ್ನು ಎದ್ದು ನಿಂತು ನಟಿಸಿ ತೋರಿಸಿದೆ. ಎಲ್ಲರೂ ನಕ್ಕರು, ಹೆಡ್ ಮಾಸ್ತರರೂ ನಕ್ಕರು. ಆ ನಗು ನನಗೆ ಹಿತವಾಗಿತ್ತು. ಬೇರೆ ಯಾವುದನ್ನು ಬೇಕಾದರೂ ತಿಳಿಯದೆ ಮಾಡಿದೆ ಎಂದು ಹೇಳಿಯೇನು, ಇದನ್ನು ಹೇಳಲಾರೆ.

ಮರುದಿನ ಅವನು ಬರಲಿಲ್ಲ. ನೀರಿನ ಟಾಕಿಯ ಹಿಂದಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಅವನ ಹೆಸರು, ಪಕ್ಕದಲ್ಲಿ ಒಂದು ಹೊಲಸು ಮಾತು ಬರೆದಿತ್ತು. ಅಳಿಸಲು ಹೇಳಿದೆ, ಯಾರು ಬರೆದರೆಂದು ವಿಚಾರಿಸಲಿಲ್ಲ. ಒಂದು ವಾರ ಹಾಜರಿಯಲ್ಲಿ ಅವನ ಹೆಸರಿನ ಮುಂದೆ ಗೈರು ಹಾಕಿದೆ.

ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನಾನೊಬ್ಬನೇ ಊಟದ ಡಬ್ಬಿ ಬಿಚ್ಚುತ್ತಿದ್ದೆ. ಆ ಹುಡುಗಿ ಬಾಗಿಲಲ್ಲಿ ಬಂದು ನಿಂತಳು.

‘ಸರ, ಒಂದ ಮಾತ ಹೇಳೂದಿತ್ರಿ.’

‘ಹೇಳವಾ.’

‘ಅಂವ ಹಂಗಿಲ್ರಿ ಸರ.’

ನಾನು ಮುಖ ಗಂಟಿಕ್ಕಿದ್ದಿರಬೇಕು. ಅವಳು ಹೆದರಿದಳು, ಆದರೂ ಹೋಗಲಿಲ್ಲ. ಒಂದೇ ಉಸಿರಿಗೆ ಹೇಳಿಬಿಟ್ಟಳು. ‘ಅಂವಗ ಓದಾಕ ಬರೂದಿಲ್ರಿ. ಅಕ್ಷರ ಒಂದೊಂದ ಗೊತ್ತದಾವು, ಕೂಡಿಸಾಕ ಬರೂದಿಲ್ಲ. ನೀವು ಮೊದಲ್ನೇ ಸಲ ಕಳಿಸಿದಾಗ ನಾ ಓದೂ ಸಾಲಿನ ಕೆಳಗ ಬೆರಳ ಇಟ್ಟಿದ್ನಿ. ಅಂವ ಅದನ್ನ ನೋಡ್ಕೋತ ಬಾಯಾಗ ಓದಾಕತ್ತಿದ್ದ. ಏಳೂವಾಗ, ಇನ್ನೊಮ್ಮೆ ತೋರಸ್ತೀ ಏನು ಅಂದ. ಸುಮ್ಮಸುಮ್ಮನ ನಮ್ಮ ಕಡೆ ಬಂದ್ರ ಎಲ್ಲಾರೂ ನಗ್ತಾರ್ರಿ ಸರ. ಹೋಂವರ್ಕ್ ಮಾಡಿಲ್ಲಂದ್ರ ನೀವ ಕಳಸ್ತಿದ್ರಿ.’

‘ಮೊದಲ ಯಾಕ ಹೇಳಲಿಲ್ಲ ನೀ?’ ಆಗಲೂ ನನ್ನ ದನಿ ಏರಿತ್ತು.

‘ನೀವು ಕೇಳಲಿಲ್ರಿ,’ ಎಂದಳು. ಎದುರು ಮಾತಾಡಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ಹೋಗುವಾಗ ಮತ್ತೆ ನಿಂತು, ‘ಎರಡ ಪಾಠ ಪೂರಾ ತಾನ ಓದ್ತಿದ್ದ ಸರ ಈಗ’ ಎಂದಳು.

ನಾನು ಡಬ್ಬಿ ಮುಚ್ಚಿದೆ. ನಾನು ಕನ್ನಡದ ಮಾಸ್ತರ. ನನ್ನ ವರ್ಗದಲ್ಲಿ ಕನ್ನಡ ಓದಲು ಬಾರದ ಹುಡುಗನೊಬ್ಬ ಯಾರಿಗೂ ಗೊತ್ತಾಗದ ಹಾಗೆ ತನ್ನಷ್ಟಕ್ಕೆ ಒಂದು ದಾರಿ ಮಾಡಿಕೊಂಡಿದ್ದ. ನಾನು ಕೊಟ್ಟ ಅವಮಾನವನ್ನೇ ಮೆಟ್ಟಿಲು ಮಾಡಿಕೊಂಡಿದ್ದ. ನಾನು ಬೇರೆ ಏನೂ ಮಾಡಬೇಕಿರಲಿಲ್ಲ, ಅವನನ್ನು ಅವನ ಪಾಡಿಗೆ ಬಿಟ್ಟಿದ್ದರೆ ಸಾಕಿತ್ತು. ಕಣ್ಣು ಒದ್ದೆಯಾದದ್ದನ್ನು ಯಾರಾದರೂ ನೋಡಿಯಾರೆಂದು ಮುಖ ತೊಳೆಯಲು ಎದ್ದು ಹೋದೆ.

ಆ ರವಿವಾರ ಬೆಳಿಗ್ಗೆ ಬೈಕು ತೆಗೆದುಕೊಂಡು ಅವನ ಊರಿಗೆ ಹೊರಟೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಲ್ಲಿ ತಿರುವಿಕೊಂಡೆ. ‘ತಪ್ಪು ನಂದೈತಿ. ನಿಮ್ಮ ಹುಡುಗಂದಲ್ಲ.’ ನಾಲ್ಕೇ ಶಬ್ದ. ಆ ನಾಲ್ಕು ಶಬ್ದ ಹೇಳಿ, ಹುಡುಗನನ್ನು ಬೈಕಿನ ಹಿಂದೆ ಕೂಡಿಸಿಕೊಂಡಾದರೂ ಶಾಲೆಗೆ ಕರೆತರಬೇಕೆಂದು ನಿಶ್ಚಯ ಮಾಡಿದ್ದೆ.

ಅವನ ಅಪ್ಪ ನನ್ನನ್ನು ಕಂಡು ಗಾಬರಿಯಾದ. ಮಾಸ್ತರ ಮನೆಗೆ ಬಂದದ್ದು ಅವರ ಓಣಿಯಲ್ಲಿ ಅದೇ ಮೊದಲಿರಬೇಕು. ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿ, ತನ್ನ ಟವೆಲ್ಲಿನಿಂದ ಒರೆಸಿ ಕೂಡಿಸಿದ. ಚಹಾಕ್ಕೆ ಹೇಳಿದ. ಓಣಿಯ ನಾಲ್ಕಾರು ಮಂದಿ ಬಂದು ಕಟ್ಟೆಗೆ ಕುಳಿತರು.

‘ಏನ ತಪ್ಪ ಮಾಡ್ಯಾನ್ರಿ ಸರ್ರ ನನ್ನ ಮಗಾ?’ ಎಂದು ಕೇಳಿದ. ‘ಹತ್ತ ದಿನಾ ಆತು, ಸಾಲಿಗೆ ಹೋಗಂದ್ರ ಒಲ್ಲೆ ಅಂತಾನ. ಯಾಕಂತ ಕೇಳಿದ್ರ ಬಾಯಿ ಬಿಡವಲ್ಲ.’

ಅವನು ಏನನ್ನೂ ಹೇಳಿರಲಿಲ್ಲ. ನನ್ನ ಬಗ್ಗೆ ಒಂದು ಮಾತೂ ಮನೆಯಲ್ಲಿ ಆಡಿರಲಿಲ್ಲ. ನಾನು ಬಾಯಿ ತೆರೆದೆ. ಕಟ್ಟೆಯ ಮೇಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಒಬ್ಬಾತ ತಲೆಯ ಮೇಲಿನ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದ. ‘ತಪ್ಪು...’ ಎಂದೆ. ಮುಂದಿನ ಶಬ್ದ ಬರಲಿಲ್ಲ.

ಅಷ್ಟರಲ್ಲಿ ಹುಡುಗ ಹಿತ್ತಲಿನಿಂದ ಬಂದ. ಅಲ್ಲಿ ಗೋಡೆಗೆ ಗಿಲಾವು ಮಾಡುತ್ತಿದ್ದನೆಂದು ಕಾಣುತ್ತದೆ, ಮೊಣಕೈ ತನಕ ಸಿಮೆಂಟು. ನನ್ನನ್ನು ನೋಡಿದ, ಕಟ್ಟೆಯ ಮಂದಿಯನ್ನು ನೋಡಿದ. ನಾನು ಏನು ಹೇಳಿಬಿಡುತ್ತೇನೋ ಎಂದು ಹೆದರಿದ. ಆ ಹುಡುಗಿಯ ಮಾತು ಓಣಿಯಲ್ಲಿ ಬರಬಹುದಿತ್ತು, ತನಗೆ ಓದಲು ಬಾರದ್ದೂ ಬರಬಹುದಿತ್ತು. ಅವಸರದಿಂದ ಅಪ್ಪನಿಗೆ ಹೇಳಿದ, ‘ನಾ ಸುಳ್ಳ ಹೇಳಿದ್ನೆಪಾ. ಹೋಂವರ್ಕ್ ವಿಷಯದಾಗ ಸರಗ ಸುಳ್ಳ ಹೇಳಿದ್ನಿ. ಸರದು ಏನೂ ತಪ್ಪಿಲ್ಲ.’

ಹದಿನಾಲ್ಕು ವರ್ಷದ ಹುಡುಗ ಮೂವರ ಮಾನವನ್ನು ಒಂದೇ ಮಾತಿನಲ್ಲಿ ಕಾಯ್ದ. ನಾನು ಆಗಲಾದರೂ ಎದ್ದು ನಿಂತು, ಇಲ್ಲ, ನಿನ್ನದಲ್ಲ, ನನ್ನದು ಎನ್ನಬಹುದಿತ್ತು. ಹುಡುಗಿಯ ಹೆಸರೆತ್ತದೆ, ಓದಿನ ಮಾತೆತ್ತದೆ ಅಷ್ಟನ್ನೇ ಹೇಳಬಹುದಿತ್ತು. ನಾನು ಹೇಳಿದ್ದು ಇದು: ‘ಇರ್ಲಿ ಬಿಡ್ರಿ. ಹುಡುಗೂರಂದ್ಮ್ಯಾಲ ಇದ್ದದ್ದ. ನಾ ಮನಸಿನ್ಯಾಗ ಇಟ್ಕೊಂಡಿಲ್ಲ, ಮಾಫ್ ಮಾಡೇನಿ. ನಾಳಿ ಸಾಲಿಗೆ ಕಳಸ್ರಿ.’

ಕ್ಷಮೆ ಕೇಳಲು ಹೋದವನು ಕ್ಷಮಿಸಿ ಬಂದೆ.

ಅಪ್ಪನ ಕಣ್ಣು ತುಂಬಿದವು. ‘ನೋಡಲೇ, ಎಂಥಾ ದೊಡ್ಡ ಮನಸ್ಸೈತಿ ಸರದು. ನಿನ್ನಂಥವನ ಸಲುವಾಗಿ ಮನಿತನಾ ಬಂದಾರ. ಕಾಲ ಮುಟ್ಟು’ ಎಂದ. ಹುಡುಗ ಸಿಮೆಂಟಿನ ಕೈಯನ್ನು ಚಡ್ಡಿಗೆ ಒರೆಸಿಕೊಂಡು ಬಗ್ಗಿ ನನ್ನ ಕಾಲು ಮುಟ್ಟಿದ. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಚಹಾ ಕುಡಿದು, ಸಕ್ಕರೆ ಸ್ವಲ್ಪ ಜಾಸ್ತಿಯಾಗಿದೆ ಎಂದು ನಗುತ್ತ ಹೇಳಿ, ಎದ್ದು ಬಂದೆ.

ಸೋಮವಾರ ಅವನು ಬಂದ. ಹಿಂದಿನ ಬೆಂಚಿನ ಮೂಲೆಯಲ್ಲಿ ಕುಳಿತ. ಹುಡುಗಿಯರ ಕಡೆ ಕಣ್ಣೆತ್ತಲಿಲ್ಲ. ಊಟದ ಬಿಡುವಿನಲ್ಲಿ ನಾನು ಅವನನ್ನು ಲೈಬ್ರರಿ ಕೋಣೆಗೆ ಕರೆದು, ಎರಡನೆಯ ತರಗತಿಯ ಪುಸ್ತಕ ಅವನಿಗೆ ಅವಮಾನವಾದೀತೆಂದು ಎಂಟನೆಯದನ್ನೇ ತೆರೆದು, ಸಾಲಿನ ಕೆಳಗೆ ಬೆರಳಿಟ್ಟೆ. ‘ಓದಪಾ’ ಎಂದೆ, ನನಗೆ ಸಾಧ್ಯವಿದ್ದಷ್ಟು ಮೆತ್ತಗೆ. ಅವನು ಪುಸ್ತಕ ನೋಡಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದ. ನಾನು ಕನ್ನಡಕ ಸರಿಮಾಡಿಕೊಳ್ಳಲು ಕೈ ಎತ್ತಿದರೆ ಕುತ್ತಿಗೆ ಒಳಗೆಳೆದುಕೊಳ್ಳುತ್ತಿದ್ದ. ನಾನು ಅವನನ್ನು ಒಂದು ದಿನವೂ ಹೊಡೆದವನಲ್ಲ. ಮೂರು ದಿನ ಹೀಗೇ ಕಳೆಯಿತು. ಮೂರು ದಿನದಲ್ಲಿ ಅವನು ನನ್ನೆದುರು ಒಂದು ಶಬ್ದವನ್ನೂ ಪೂರ್ತಿ ಓದಲಿಲ್ಲ. ಆ ಹುಡುಗಿಯ ಬೆರಳ ಹಿಂದೆ ಎರಡು ಪಾಠ ಓದಿದ್ದವನು.

ಅವಳ ಪಕ್ಕದಲ್ಲಿ ಮತ್ತೆ ಕೂಡಿಸಬಹುದಿತ್ತಲ್ಲ ಎಂದು ಕೇಳಬಹುದು. ಹೇಗೆ ಕೂಡಿಸಲಿ? ಆ ಜಾಗಕ್ಕೆ ನಾನೇ ಹೊಲಸು ಬಳಿದಿದ್ದೆ. ದಸರೆಯ ರಜೆ ಮುಗಿದು ಶಾಲೆ ಶುರುವಾದಾಗ ಅವನು ಬರಲಿಲ್ಲ. ಮತ್ತೊಮ್ಮೆ ಅವರ ಮನೆಗೆ ಹೋಗಲು ನನಗೆ ಮುಖವಿರಲಿಲ್ಲ. ಹೆಡ್ ಮಾಸ್ತರರು ಒಂದು ಪತ್ರ ಕಳಿಸಿದರು, ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿ.ಆರ್.ಪಿ. ಒಮ್ಮೆ ಹೋಗಿ ಬಂದರು. ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಾನಂತೆ ಎಂದು ವರದಿ ಬಂತು. ಸ್ಟಾಫ್ ರೂಮಿನಲ್ಲಿ ಯಾರೋ, ‘ಈ ಗಂಡ ಹುಡುಗೂರ ಹಣೇಬರಾನ ಇಷ್ಟ ಬಿಡ್ರಿ’ ಎಂದರು.

ನಂತರ ನನಗೆ ಇಂಡಿ ಕಡೆಗೆ ವರ್ಗವಾಯಿತು. ಆ ಶಿಕ್ಷೆಯನ್ನು ನಾನು ಬಿಟ್ಟಿದ್ದೇನೆ. ಬಿಟ್ಟೆನೆಂದು ಹೇಳಿಕೊಂಡು ಯಾರಿಂದಲೂ ಚಪ್ಪಾಳೆ ಹೊಡೆಸಿಕೊಂಡಿಲ್ಲ, ಅಷ್ಟು ಮಟ್ಟಿಗೆ ಬುದ್ಧಿ ಬಂದಿದೆ. ಹುಡುಗರು ಕೆಮ್ಮಿದರೆ ಈಗ ಬೈಯದೆ ಮಗ್ಗುಲಿಗೆ ಹೋಗಿ ಕೂಡುತ್ತೇನೆ. ಹೀಗೆ ಕುಳಿತು ಅಗರಖೇಡದ ಕಡೆಯಿಂದ ಬರುವ ಇಬ್ಬರು ಹುಡುಗರಿಗೆ ಓದಲು ಕಲಿಸಿದೆ. ಅವರು ಓದಿದ ದಿನ ನನಗೆ ಖುಷಿಯಾಗಲಿಲ್ಲ. ಇದು ಇಷ್ಟು ಸುಲಭವಿತ್ತೇ ಎನ್ನಿಸಿತು.

ಕಳೆದ ಬೇಸಿಗೆಯಲ್ಲಿ ಒಂದು ಲಗ್ನಕ್ಕೆಂದು ಸಿಂದಗಿಗೆ ಹೋಗಿದ್ದೆ. ಊಟ ಮುಗಿಸಿ ಬಸ್ ಸ್ಟ್ಯಾಂಡಿನಲ್ಲಿ ಇಂಡಿ ಬಸ್ಸಿಗೆ ಕಾಯುತ್ತಿದ್ದಾಗ ಯಾರೋ, ‘ಸರ್ರ, ನಮಸ್ಕಾರ್ರಿ’ ಎಂದರು. ಆ ಅಪ್ಪ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಪಕ್ಕದಲ್ಲಿ ಹುಡುಗ, ಈಗ ಹುಡುಗನೆನ್ನುವ ಹಾಗಿಲ್ಲ, ಮೀಸೆ ಬಂದಿತ್ತು. ಗಿಲಾವು ಮಾಡುವ ಥಾಪಿಗಳು ತುಂಬಿದ ಚೀಲ ಅವನ ಹೆಗಲ ಮೇಲಿತ್ತು. ನನಗೆ ನಮಸ್ಕಾರ ಮಾಡಿ ಬೇರೆ ಕಡೆ ನೋಡುತ್ತ ನಿಂತ. ಅವರ ಜೊತೆ ಕೆಲಸದ ಇನ್ನಿಬ್ಬರಿದ್ದರು.

ಅಪ್ಪ ಅವರಿಗೆ ನನ್ನ ಗುರುತು ಹೇಳತೊಡಗಿದ. ‘ಇವ್ರ ನೋಡ್ರಿ ಆ ಸರ್ರು. ಇವ ಸಾಲಿ ಬಿಟ್ಟಾಗ ಮನಿತನಾ ಬಂದ್ರು. ಇವಂದ ತಪ್ಪಿದ್ರೂ ಮಾಫ್ ಮಾಡಿ ಕರ್ಕೊಂಡ ಹೋದ್ರು. ಮಧ್ಯಾನದ ಊಟ ಬಿಟ್ಟ ಓದಿಸಿದ್ರಂತ. ಏನ ಮಾಡೂದ್ರಿ, ಇವನ ತಲಿಗೆ ವಿದ್ಯಾ ಹತ್ತಲಿಲ್ಲ.’

ಹುಡುಗ ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದ. ಈ ಮಾತನ್ನು ಅವನು ಎಷ್ಟು ಸಲ ಕೇಳಿರಬೇಕು, ಎಷ್ಟು ಮಂದಿಯ ಎದುರು ಕೇಳಿರಬೇಕು ಎಂದು ನನಗೆ ಆಗ ಅರಿವಾಯಿತು. ತಪ್ಪು ತನ್ನದೇ ಎಂದು ಅವನು ತೊಟ್ಟುಕೊಂಡ ಆ ಸುಳ್ಳನ್ನು ಮನೆಯವರು ನಾಲ್ಕು ವರ್ಷ ದಿನವೂ ಅವನಿಗೆ ತೊಡಿಸುತ್ತ ಬಂದಿದ್ದರು. ಅದು ನಾನು ಕೊಟ್ಟ ಬಟ್ಟೆ.

‘ಹತ್ತಾಕತ್ತಿತ್ರಿ,’ ಎಂದೆ. ‘ವಿದ್ಯಾ ಅವಂಗ ಹತ್ತಾಕತ್ತಿತ್ತು. ನಾನ ಬಿಡಿಸಿದೆ. ಅವಂದ ಏನೂ ತಪ್ಪಿರಲಿಲ್ಲ ಅವತ್ತ. ತಪ್ಪೆಲ್ಲಾ ನಂದು. ನಿಮ್ಮ ಮನ್ಯಾಗ ಕುಂತ ಅದನ್ನ ಹೇಳಾಕ ನನಗ ಧೈರ್ಯ ಆಗಲಿಲ್ಲ.’

ಅಪ್ಪ ನನ್ನನ್ನೇ ನೋಡಿದ. ನಾನು ಕಾಯುತ್ತಿದ್ದೆ. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂದು ನಿಜವಾಗಿಯೂ ಕಾಯುತ್ತಿದ್ದೆ. ಅವನು ಎರಡೂ ಕೈ ಜೋಡಿಸಿದ. ಜೊತೆಯವರ ಕಡೆ ತಿರುಗಿ, ‘ಕೇಳಿದ್ರೇನು? ಇಂಥಾ ಮಾತ ಆಡೂ ಮಾಸ್ತರ ಈಗ ಎಲ್ಲಿ ಸಿಗ್ತಾರ?’ ಎಂದ. ಆಮೇಲೆ ಮಗನ ಬೆನ್ನಿಗೆ ಒಂದು ಗುದ್ದು ಹಾಕಿ, ‘ನೋಡು, ಇವತ್ತಿಗೂ ನಿನ್ನ ತಪ್ಪ ತಮ್ಮ ಮ್ಯಾಲ ಹಾಕ್ಕೋತಾರ’ ಎಂದ.

‘ಇಲ್ರಿ, ಖರೇನ ಹೇಳಾಕತ್ತೇನಿ,’ ಎಂದೆ. ಅವರೆಲ್ಲ ನಗುತ್ತಿದ್ದರು, ಪ್ರೀತಿಯಿಂದ, ಗೌರವದಿಂದ. ಮತ್ತೊಮ್ಮೆ ಹೇಳಿದೆ. ಹೇಳಿದಷ್ಟೂ ಅವರ ಕಣ್ಣಿನಲ್ಲಿ ನಾನು ಇನ್ನಷ್ಟು ದೊಡ್ಡವನಾಗುತ್ತಿದ್ದೆ.

ಆಗ ಹುಡುಗ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದ. ಸಿಟ್ಟಿರಲಿಲ್ಲ. ಅಲ್ಲಿದ್ದವರಲ್ಲಿ ನನ್ನ ಮಾತನ್ನು ನಂಬಿದವನು ಅವನೊಬ್ಬನೇ.

‘ಬಿಡ್ರಿ ಸರ,’ ಎಂದ. ಅಪ್ಪನ ತೋಳು ಹಿಡಿದು, ‘ನಡೀ ಎಪ್ಪಾ, ಕೆಲಸಕ್ಕ ಹೊತ್ತಾತು’ ಎಂದು ಕರೆದುಕೊಂಡು ಹೋದ.